ಎಂಜಿನ್ನಿಗೆ ಹೊಯ್ದ ಎಣ್ಣೆ

ಸಿದ್ಧಾರ್ಥ ಆ ಎಂಜಿನ್ ಕಟ್ಟಿದ್ದು ಬಸ್ತಿಹಳ್ಳಿ ಮೋಹನ್‌ಕುಮಾರನ ಮನೆಯಂಗಳದ ಕೊಬ್ಬರಿ ಶೆಡ್ಡಿನಲ್ಲಿ. ಮೇಲೆ ಅಟ್ಟದ ತುಂಬ ತೆಂಗಿನಕಾಯಿ, ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗಲಿ ಅಂತ ವರ್ಷದಿಂದ ಹಾಕಿದ್ದವು. ಕೆಳಗೆ ಬಾನೆಟ್ ಬಿಚ್ಚಿದ ಹಳೇ ಎಸ್ಟೀಮ್ ಕಾರು. ಅಟ್ಟದ ಸಂದಿಯಿಂದ ನಾರಿನ ದೂಳು ಉದುರುತ್ತಲೇ ಇರುತ್ತಿತ್ತು. ಅದಕ್ಕೇ ಅವನು ಸುತ್ತಲೂ ಪ್ಲಾಸ್ಟಿಕ್ ಹಾಳೆ ಕಟ್ಟಿ, ಸೊಳ್ಳೆಪರದೆಯೊಳಗೆ ಕೂತವನ ಹಾಗೆ ಕೂತು ಕೆಲಸ ಮಾಡುತ್ತಿದ್ದ.

ವಾರವೆಲ್ಲ ಅರಸೀಕೆರೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸರ್ವಿಸ್ ಕೆಲಸ. ಭಾನುವಾರ ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಬಂದು, ಅಲ್ಲಿಂದ ಬಸ್ತಿಹಳ್ಳಿಗೆ ನಡೆಯುವುದು. ಹೆಂಡತಿ ಆಶಾರಾಣಿ ಬ್ಯಾಂಕಿನಲ್ಲಿದ್ದಳು, ಅವಳಿಗೂ ನೆಮ್ಮದಿಯ ದಿನ ಅಂತ ಇದ್ದದ್ದು ಅದೊಂದೇ. ಮಗಳ ಬಟ್ಟೆ, ಹೋಮ್‌ವರ್ಕ್, ಹಟ ಎಲ್ಲ ಅವಳ ಪಾಲಿಗೇ ಬಿತ್ತು. ಹೆತ್ತ ಮಗಳಿಗೆ ಎಷ್ಟು ಹಲ್ಲು ಬಿದ್ದಿವೆ ಅಂತ ಕೇಳಿದರೆ ತಲೆ ಕೆರ್ಕೋತೀರಿ, ಆ ವಾಲ್ವಿನ ಸಂದಿ ಎಷ್ಟು ಅಂತ ಕೇಳಿದರೆ ನಿದ್ದೆಯಲ್ಲೂ ಹೇಳ್ತೀರಿ ಅಂತ ಒಮ್ಮೆ ಅಂದಿದ್ದಳು. ಅವನು ಇಲ್ಲವೆನ್ನಲಿಲ್ಲ.

ಅದು ಟರ್ಬೊ ಇಲ್ಲದ ಎಂಜಿನ್. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ಒಳಗೆ ತುರುಕುತ್ತದೆ, ಶಕ್ತಿ ಸುಲಭವಾಗಿ ಬರುತ್ತದೆ. ಇದು ತಾನೇ ಉಸಿರೆಳೆದುಕೊಳ್ಳಬೇಕು. ಆ ಉಸಿರಿನ ದಾರಿಯಲ್ಲಿ ಏನೇನು ಅಡ್ಡವಿದೆಯೋ ಅದನ್ನೆಲ್ಲ ಕೈಯಾರೆ ತೆಗೆಯುತ್ತ ಹೋಗಬೇಕು, ಬೇರೆ ದಾರಿಯಿಲ್ಲ. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡನ್ನು ಅವನು ತಿಂಗಳುಗಟ್ಟಲೆ ಉಜ್ಜಿದ. ಗಾಳಿ ಬರುವ ಒಂದೊಂದು ತೂತಿನೊಳಗೂ ಬೆರಳಿಳಿಸಿ, ಕಣ್ಣು ಮುಚ್ಚಿ ತಡವಿ, ಎಲ್ಲಿ ಬೆರಳು ತಡೆಯಿತೋ ಅಲ್ಲಿ ಮತ್ತೆ ಉಜ್ಜಿದ. ನಾಲ್ಕು ಸಿಲಿಂಡರಿಗೆ ನಾಲ್ಕು ಕಾರ್ಬ್ಯುರೇಟರ್, ಹಳೇ ಬೈಕುಗಳಿಂದ ಬಿಚ್ಚಿದವು. ಸಿಲಿಂಡರುಗಳ ಒಳಗೋಡೆ ಕೊರೆದು ನುಣುಪಾಗಿಸುವ ಬೋರ್ ಕೆಲಸ ಹಾಸನದಲ್ಲಿ ಮಾಡಿಸಿದ. ಸರಿಯಿಲ್ಲ, ಸರಿಯಿಲ್ಲ ಅಂತ ವಾಪಸು ಒಯ್ದು, ಆ ಲೇತಿನವನು ಕೈ ಮುಗಿದು ನೀನು ಬೇರೆ ಕಡೆ ಹೋಗಪ್ಪ ಅನ್ನುವವರೆಗೆ ಪೀಡಿಸಿದ.

ಸಾಮಾನೆಲ್ಲ ಮೋಹನ್‌ಕುಮಾರನದು, ಕೆಲಸವೆಲ್ಲ ಸಿದ್ಧಾರ್ಥನದು. ಬೇಲೂರು ಕಡೆ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುವ ರೇಸು ಗೆಲ್ಲಬೇಕೆಂಬುದು ಮೋಹನ್‌ಕುಮಾರನ ಹುಚ್ಚು. ಸಿದ್ಧಾರ್ಥ ಕೂಲಿ ಕೇಳಿರಲಿಲ್ಲ. ಎಂಜಿನ್ ತಯಾರಾದ ದಿನ ಶಿವಕುಮಾರ್ ಬಂದು ಅದನ್ನು ನೋಡಬೇಕು ಅಂತ ಮಾತ್ರ ಕೇಳಿದ್ದ. ಶಿವಕುಮಾರ್ ಬೆಂಗಳೂರಿನ ಆಚೆ ರೇಸ್ ಕಾರುಗಳ ತಂಡ ಇಟ್ಟವರು, ಮೋಹನ್‌ಕುಮಾರನಿಗೆ ಹೆಂಡತಿ ಕಡೆಯ ನೆಂಟರು. ಅವರ ಎಂಜಿನ್ ಕಟ್ಟುವ ಮೇಸ್ತ್ರಿ ಬಿಟ್ಟುಹೋಗಿದ್ದ. ಮೊದಲಿಂದ ಕೊನೆವರೆಗೆ ಒಬ್ಬನೇ ಕಟ್ಟಿದ ಎಂಜಿನ್ ತೋರಿಸಲಿ, ಚೆನ್ನಾಗಿದ್ದರೆ ಆ ಜಾಗ ಅವನದೇ ಅಂತ ಫೋನಿನಲ್ಲಿ ಹೇಳಿದ್ದರು. ವರ್ಷಾನುಗಟ್ಟಲೆ ಟ್ರ್ಯಾಕ್ಟರಿನ ಕ್ಲಚ್ ಬಿಚ್ಚಿ ಕೂರಿಸಿದ್ದವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಆ ಜಾಗ. ಮತ್ತೇನಲ್ಲ.

ಆ ಮನೆಯ ಅಂಗಳ ಅವನಿಗೆ ಹೊಸದಲ್ಲ. ಅಪ್ಪ ಗಿಡ್ಡಯ್ಯ ಊರಾಚೆಯ ಕಾಲೋನಿಯಿಂದ ಬಂದು ಇದೇ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ನೀರು ಬೇಕಾದರೆ ಬಾವಿಯಿಂದ ದೂರ ನಿಂತು ಬೊಗಸೆ ಒಡ್ಡುತ್ತಿದ್ದ. ಈಗ ನಮ್ಮಲ್ಲಿ ಅವೆಲ್ಲ ಇಲ್ಲ ಅಂತ ಮೋಹನ್‌ಕುಮಾರ್ ಬಂದವರಿಗೆಲ್ಲ ಹೇಳುತ್ತಿದ್ದ. ನಿಜ, ಸಿದ್ಧಾರ್ಥ ಬೊಗಸೆ ಒಡ್ಡಬೇಕಿರಲಿಲ್ಲ. ಉಳಿದವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂದರೆ ಅವನಿಗೆ ಪೇಪರ್ ಕಪ್ಪಿನಲ್ಲಿ ಬರುತ್ತಿತ್ತು. ಗ್ರೀಸ್ ಕೈ ನೋಡು, ಲೋಟದ ಜಿಡ್ಡು ಬಿಡಲ್ಲ ಅಂತ ಮೋಹನ್‌ಕುಮಾರನ ತಾಯಿ ಮಾದಮ್ಮ ನಗುತ್ತಲೇ ಹೇಳಿದ್ದರು. ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಬಂದ ದಿನವೂ ಪೇಪರ್ ಕಪ್ಪೇ ಬಂತು.

ಆದರೆ ಪ್ಲಾಸ್ಟಿಕ್ ಹಾಳೆಯೊಳಗೆ ಅವನೇ ಯಜಮಾನ. ಎಂಜಿನ್ನಿನ ನಡುದಂಡವಾದ ಕ್ರ್ಯಾಂಕ್ ಕೂರಿಸುವ ದಿನ ಮೋಹನ್‌ಕುಮಾರ್ ತನ್ನ ಗೆಳೆಯರನ್ನು ಕರೆದುಕೊಂಡು ಬಂದ. ಕ್ರ್ಯಾಂಕ್ ತಿರುಗುವ ಜಾಗಕ್ಕೆ ಕೂರಿಸುವ ಬೇರಿಂಗುಗಳು, ಅರ್ಧ ಬಳೆಯ ಹಾಗಿರುವ ಹೊಳೆಯುವ ತುಂಡುಗಳು, ಬಿಳಿ ಬಟ್ಟೆಯ ಮೇಲೆ ಸಾಲಾಗಿದ್ದವು. ಗೆಳೆಯರಿಗೆ ತೋರಿಸೋಣವೆಂದು ಮೋಹನ್‌ಕುಮಾರ್ ಒಂದಕ್ಕೆ ಕೈ ಚಾಚಿದ.

"ಮುಟ್ಟಬೇಡಿ," ಅಂದ ಸಿದ್ಧಾರ್ಥ, ತಲೆ ಎತ್ತದೆ. "ಹೋಗಿ ಕೈ ತೊಳ್ಕೊಂಡು ಬನ್ನಿ."

ಬೆವರುಗೈ ತಾಗಿದರೆ ಬೇರಿಂಗ್ ಹಾಳು. ಅವನೂ ಕೈಗೆ ಗ್ಲೌಸ್ ಹಾಕಿಕೊಂಡೇ ಕೂತಿದ್ದ. ಆದರೂ ನಯವಾಗಿ ಹೇಳಬಹುದಾಗಿತ್ತು, ಹೇಳಲಿಲ್ಲ. ಹೇಳಿದ ಮಾತು ನಾಲಗೆಗೆ ಎಷ್ಟು ರುಚಿಯಾಗಿತ್ತು ಅನ್ನುವುದು ಅವನಿಗೂ ತಿಳಿಯಿತು.

ಗೆಳೆಯರಲ್ಲಿ ಹೊನ್ನಯ್ಯ ಅನ್ನುವವನು ಮೊದಲು ನಕ್ಕ.

"ಏನ್ಲಾ ಮೋಹನ, ಗಿಡ್ಡಯ್ಯನ ಮಗ ನಿಂಗೇ ದೂರ ನಿಂತ್ಕೋ ಅಂತಾನಲ್ಲೋ. ಕಾಲ ಹೆಂಗೈತೆ ನೋಡ್ಲಾ."

ಮೋಹನ್‌ಕುಮಾರನೂ ನಕ್ಕ. ಚಾಚಿದ್ದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಪಂಚೆಗೆ ಒರೆಸಿಕೊಂಡ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಹಳೇಬೀಡಿನ ಹೋಟೆಲಿನಲ್ಲಿ ಅವನು ಇಡ್ಲಿ ತಟ್ಟೆಗೆ ಕೈ ಹಾಕಿದರೆ, ಸಿದ್ದನ್ನ ಕೇಳಿದ್ಯೇನೋ ಮುಟ್ಟಬಹುದಾ ಅಂತ ಅನ್ನುವರು. ತೋಟದ ಆಳುಗಳೂ ಬೆನ್ನ ಹಿಂದೆ ನಕ್ಕರು. ಕೊನೆಗೆ ಅದು ಅಡಿಗೆಮನೆಗೂ ಬಂತು. ಮಾದಮ್ಮ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಎಂಜಿನ್ ಮುಗಿಯಬೇಕಿತ್ತಲ್ಲ, ಮೋಹನ್‌ಕುಮಾರನೂ ಏನೂ ಅನ್ನಲಿಲ್ಲ.

ಸಂಕ್ರಾಂತಿ ಕಳೆದ ಶನಿವಾರ ಸಿದ್ಧಾರ್ಥ ರಜೆ ಹಾಕಿ ಬಂದ. ಮಾರನೆಯ ಬೆಳಿಗ್ಗೆ ಶಿವಕುಮಾರ್ ಬರುವವರಿದ್ದರು, ಎಂಜಿನ್ ಹದ ಮಾಡಲು ಉಳಿದದ್ದು ಆ ದಿನವೊಂದೇ. ಓಡಿಸುವುದು, ನಿಲ್ಲಿಸುವುದು, ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಪ್ಲಗ್ ಬಿಳಿಚಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಪ್ಪಾಗಿದ್ದರೆ ಜಾಸ್ತಿಯಾಗಿದೆ. ಕಾರ್ಬ್ಯುರೇಟರಿನ ಜೆಟ್ ಬದಲಿಸಿ ಮತ್ತೆ ಓಡಿಸುವುದು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕೂ ಪ್ಲಗ್ಗುಗಳು ಒಂದೇ ಬಿಸ್ಕತ್ತಿನ ಬಣ್ಣಕ್ಕೆ ಬಂದವು. ಮೋಹನ್‌ಕುಮಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟದ ದಾರಿಯಲ್ಲಿ ಓಡಿಸಿದ. ಕಾಲು ಒತ್ತಿದರೆ ನಾಲ್ಕು ಕಾರ್ಬ್ಯುರೇಟರೂ ಒಟ್ಟಿಗೆ ಗಾಳಿ ಎಳೆದುಕೊಂಡವು, ಮುಳುಗಿದ್ದವನು ನೀರಿನಿಂದ ತಲೆ ಎತ್ತಿ ಉಸಿರು ತೆಗೆದ ಹಾಗೆ. ಅದರ ಹಿಂದೆಯೇ ಏರುತ್ತ ಏರುತ್ತ ಹೋಗುವ ಕೂಗು. ಮೋಹನ್‌ಕುಮಾರ್ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ಇಳಿದ ಮೇಲೆ, ನೀನು ರಾಕ್ಷಸ ಕಣ್ಲಾ ಸಿದ್ದ ಅಂದ. ಅದರಲ್ಲಿ ಕುಹಕವಿರಲಿಲ್ಲ.

ಸಂಜೆ ಸಿದ್ಧಾರ್ಥ ಎಂಜಿನ್ ಎಣ್ಣೆ ಬದಲಿಸಿದ. ಹೊಸ ಎಂಜಿನ್ ಮೊದಮೊದಲ ಓಟದಲ್ಲಿ ಉದುರಿಸಿದ ಲೋಹದ ಪುಡಿ ಹಳೇ ಎಣ್ಣೆಯ ಜೊತೆಗೇ ಹೋಗಬೇಕು. ಹೊಸ ಎಣ್ಣೆ ತುಂಬಿ, ಬೆಳಿಗ್ಗೆ ತಾನು ಬರುವತನಕ ಯಾರೂ ಕೀ ತಿರುಗಿಸಬಾರದು ಅಂದ. ಮೊದಲು ಪ್ಲಗ್ ಬಿಚ್ಚಿ ಬರಿದೇ ತಿರುಗಿಸಿ ಎಣ್ಣೆ ಎಲ್ಲ ಕಡೆ ಏರಿದೆಯಾ ನೋಡಬೇಕು, ಬಿಸಿಯಾಗುವ ಮುಂಚೆ ಜೋರು ಮಾಡಲೇಬಾರದು ಅಂತ ಮತ್ತೊಮ್ಮೆ ಹೇಳಿ ಬಸ್ಸಿಗೆ ಹೋದ.

ಅವನು ಹೋದ ಮೇಲೆ ಮಾದಮ್ಮ ಶೆಡ್ಡಿಗೆ ಬಂದರು. ಆ ಮನೆಯಲ್ಲೊಂದು ಪದ್ಧತಿ ಇತ್ತು. ಗಾಡಿಯಾಗಲಿ, ಮೋಟರಾಗಲಿ, ಹೊಸದಾಗಿ ಏನೇ ಬರಲಿ, ಮನೆದೇವರ ದೀಪದ ಎಣ್ಣೆ ಮುಟ್ಟಿಸದೆ ಮನೆಯವರು ಅದನ್ನು ಬಳಸುತ್ತಿರಲಿಲ್ಲ. ತಮ್ಮದೇ ಕೊಬ್ಬರಿ ಗಾಣಕ್ಕೆ ಹಾಕಿಸಿ ತೆಗೆಸಿದ ಎಣ್ಣೆ. ಟ್ರ್ಯಾಕ್ಟರಿಗೂ ಪಂಪ್‌ಸೆಟ್ಟಿಗೂ ಹೊರಗಿನಿಂದ ಒಂದು ಬೊಟ್ಟು ಸಾಕಾಗಿತ್ತು. ಇದಕ್ಕೆ ಸಾಲದು ಅನ್ನಿಸಿತು ಮಾದಮ್ಮನಿಗೆ. ವರ್ಷವಿಡೀ ಅವನ ಕೈ ಇದರ ಹೊಟ್ಟೆಯೊಳಗಿತ್ತು, ಹೊರಗೆ ಹಚ್ಚಿದರೆ ಒಳಗಿನ ಮೈಲಿಗೆ ಹೋಗುತ್ತದಾ ಅಂತ ಮಗನನ್ನು ಕೇಳಿದರು. ಚಳಿಗೆ ಬಾಟಲಿಯಲ್ಲಿ ಎಣ್ಣೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಒಲೆಯ ಪಕ್ಕದಲ್ಲಿಟ್ಟು ಕರಗಿಸಿಕೊಂಡೇ ತಂದಿದ್ದರು. ಮೋಹನ್‌ಕುಮಾರ್ ಎಣ್ಣೆ ತುಂಬುವ ಮುಚ್ಚಳವನ್ನು ತಾನೇ ತಿರುಗಿಸಿ ತೆಗೆದ. ಎಣ್ಣೆಗೆ ಎಣ್ಣೆ ಸೇರಿದರೆ ಏನಾಗುತ್ತೆ ಅಂದುಕೊಂಡ. ಬಾಟಲಿ ಪೂರ್ತಿ ಇಳಿಯಿತು.

ಬಾಟಲಿಯಲ್ಲಿ ಹೆಪ್ಪುಗಟ್ಟುವುದು ಎಂಜಿನ್ನಿನಲ್ಲೂ ಹೆಪ್ಪುಗಟ್ಟುತ್ತದೆ ಅಂತ ತಾಯಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ. ಕೊಬ್ಬರಿ ಎಣ್ಣೆ ಎಂಜಿನ್ ಎಣ್ಣೆಗಿಂತ ಭಾರ. ಅದು ಮೆಲ್ಲಗೆ ತಳಕ್ಕಿಳಿಯಿತು. ಎಂಜಿನ್ನಿಗೆಲ್ಲ ಎಣ್ಣೆ ಹೀರಿ ಕಳಿಸುವ ಜಾಲರಿ ಇದ್ದದ್ದೂ ಆ ತಳದಲ್ಲೇ. ಉಳಿದದ್ದನ್ನು ಚಳಿ ನೋಡಿಕೊಂಡಿತು.

ಭಾನುವಾರ ಬೆಳಿಗ್ಗೆ ಆಶಾರಾಣಿ ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು. ಕೆಲಸ ಸಿಕ್ಕರೆ ತಾನು ವರ್ಗಾವಣೆ ಕೇಳುವುದು ಯಾವಾಗ, ಮಗಳನ್ನು ಯಾವ ಶಾಲೆಗೆ ಹಾಕುವುದು ಅಂತ ಅವಳು ಬಾಯಿಬಿಟ್ಟು ಮಾತಾಡಿದ್ದು ಅವತ್ತೇ ಮೊದಲು. ಅಲ್ಲಿಯತನಕ ಆ ಆಸೆಯನ್ನು ಅವಳು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ.

ಹಳೇಬೀಡಿನಲ್ಲಿ ಬಸ್ಸಿಳಿದು ನಡೆದ. ಬಸ್ತಿಹಳ್ಳಿಯ ಬಸದಿಗಳ ಕಾಂಪೌಂಡು ದಾಟುವಾಗ ಎಂಜಿನ್ ಶುರುವಾದ ಸದ್ದು ಕೇಳಿತು.

ಅವನದೇ ಎಂಜಿನ್. ಆ ಉಸಿರು ಬೇರೆ ಯಾವುದಕ್ಕೂ ಇಲ್ಲ. ಒಂದು ಕ್ಷಣ ನಿಂತ. ಅಷ್ಟರಲ್ಲಿ ಸದ್ದು ಏರಿತು. ತಣ್ಣಗಿರುವ ಎಂಜಿನ್ನನ್ನು ಯಾರೋ ಕಾಲು ಒತ್ತಿ ಕೂಗಿಸುತ್ತಿದ್ದರು, ಬಿಟ್ಟರು, ಮತ್ತೆ ಒತ್ತಿದರು, ಇನ್ನೂ ಮೇಲಕ್ಕೆ. ಅವನು ಓಡತೊಡಗಿದ. ಮುಂದಿನ ಕೂಗಿನ ತುದಿಯಲ್ಲಿ ಒಳಗಿನಿಂದ ಟಕಟಕ ಅಂತ ಬಂತು, ಯಾರೋ ಬಾಗಿಲು ತಟ್ಟುವ ಹಾಗೆ. ನಿಲ್ಸಿ, ನಿಲ್ಸಿ ಅಂತ ಓಡುತ್ತಲೇ ಕೂಗಿದ. ಅವನ ದನಿ ಶೆಡ್ಡಿನವರೆಗೆ ಮುಟ್ಟಲಿಲ್ಲ. ಬಸದಿಯ ಫೋಟೊ ತೆಗೆಯುತ್ತಿದ್ದ ಒಬ್ಬಾತ ತನಗೇ ಹೇಳಿದ್ದು ಅಂದುಕೊಂಡು ಮೊಬೈಲ್ ಕೆಳಗಿಳಿಸಿದ. ತಟ್ಟುತ್ತಿದ್ದದ್ದು ಸುತ್ತಿಗೆಯ ಏಟಾಯಿತು. ಆಮೇಲೆ ಕಬ್ಬಿಣ ಕಬ್ಬಿಣವನ್ನು ಕಚ್ಚಿಹಿಡಿದ ಸದ್ದು, ಒಂದೇ ಒಂದು. ಮತ್ತೆ ಏನೂ ಕೇಳಲಿಲ್ಲ. ಅವನ ಕಾಲುಗಳು ತಾವಾಗಿ ನಡಿಗೆಗೆ ಇಳಿದವು. ಇನ್ನು ಓಡಿ ಆಗಬೇಕಾದ್ದು ಏನೂ ಇರಲಿಲ್ಲ.

ಮೋಹನ್‌ಕುಮಾರ್ ಇನ್ನೂ ಡ್ರೈವರ್ ಸೀಟಿನಲ್ಲೇ ಕೂತಿದ್ದ. ಶಿವಕುಮಾರ್ ಕಾಫಿ ಲೋಟ ಹಿಡಿದು ಕಾರಿನ ಮುಂದೆ ನಿಂತಿದ್ದರು. ಅವರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದರು. ನೆಂಟರನ್ನು ಕಾಯಿಸುವುದು ಹೇಗೆ ಅಂತ ಮೋಹನ್‌ಕುಮಾರ್ ತಾನೇ ಕೀ ತಿರುಗಿಸಿದ್ದ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಎದ್ದಿತ್ತಾ ಅಂತ ಸಿದ್ಧಾರ್ಥ ಕೇಳಿದ. ಅದನ್ನು ಯಾರೂ ನೋಡಿರಲಿಲ್ಲ.

"ಎಂಥದ್ದಪ್ಪಾ ನೀನು ಕಟ್ಟಿದ್ದು," ಅಂದ ಮೋಹನ್‌ಕುಮಾರ್, ಶಿವಕುಮಾರರಿಗೆ ಕೇಳುವ ಹಾಗೆ. "ಒಂದು ಕಾಫಿ ಕುಡಿಯೋಷ್ಟು ಹೊತ್ತು ನಿಲ್ಲಲಿಲ್ಲ."

ಶಿವಕುಮಾರ್ ಗದರಲಿಲ್ಲ. ಬಿಚ್ಚಿ, ಏನಾಗಿದೆ ನೋಡೋಣ ಅಂದರು. ಸಿದ್ಧಾರ್ಥ ಇಸ್ತ್ರಿ ಅಂಗಿ ಬಿಚ್ಚಿ ಕಿಟಕಿಯ ಸರಳಿಗೆ ಹಾಕಿ, ಬನಿಯನ್ನಿನಲ್ಲಿ ಕಾರಿನಡಿಗೆ ತೂರಿದ. ತಳದ ಎಣ್ಣೆ ಚೇಂಬರನ್ನು ಇಳಿಸಿ ಬೆಳಕಿಗೆ ಎಳೆದ. ಒಳಗೆ, ಜಾಲರಿ ಕೂತಿದ್ದ ಕಡೆ, ಬೆಳ್ಳಗಿನ ಒಂದು ಹೆಂಟೆ. ಜಾಲರಿಯ ಅಚ್ಚು ಅದರಲ್ಲಿ ಹಾಗೇ ಮೂಡಿತ್ತು. ಬೆರಳಿಟ್ಟ ಕಡೆ ಮೈಶಾಖಕ್ಕೆ ಕರಗಿತು. ಮೂಸಿ ನೋಡಿದ. ಅದು ದೇವರಮನೆಯ ವಾಸನೆ. ಅಂಗಳದಲ್ಲಿ ಕೂತು ಕೆಲಸ ಮಾಡುವಾಗ ಒಳಗಿನಿಂದ ಸಂಜೆ ಸಂಜೆ ಬರುತ್ತಿದ್ದ ವಾಸನೆ.

ಅವನು ತಲೆ ಎತ್ತುವ ಮೊದಲೇ ಮೋಹನ್‌ಕುಮಾರ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ದನಿ ತಗ್ಗಿಸಿ, ನೀನೇ ಹಾಕಿದ್ದು ಅನ್ನು ಅಂದ. ಬೇರಿಂಗ್ ಕೂರಿಸುವಾಗ ಸವರಿದ್ದೆ, ಜಾಸ್ತಿಯಾಯಿತು ಅನ್ನು, ಅಮ್ಮನ ಹೆಸರು ತರಬೇಡ, ಮುಂದಿನ ವರ್ಷ ಬೇರೆ ಎಂಜಿನ್ ತಂದುಕೊಡ್ತೀನಿ ಅಂದ. ಆ ಬೆಳಿಗ್ಗೆ ಅವನ ದನಿಯಲ್ಲಿ ಬೇಡಿಕೊಳ್ಳುವ ಧಾಟಿ ಇದ್ದದ್ದು ಅಷ್ಟು ಹೊತ್ತು ಮಾತ್ರ.

ಸಿದ್ಧಾರ್ಥ ಎದ್ದು ನಿಂತ. "ಇದು ನಾನು ಹಾಕಿದ್ದಲ್ಲ ಸಾರ್. ಈ ಮನೆ ದೇವರ ದೀಪದ ಎಣ್ಣೆ. ನಾನು ಹೋದ್ಮೇಲೆ ಯಾರೋ ಹೊಯ್ದಿದಾರೆ."

"ಯಾರೋ ಅಲ್ಲ, ನಾನೇ ಹೊಯ್ದಿದ್ದು," ಅಂದರು ಮಾದಮ್ಮ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವರು ಕೈ ನಿಲ್ಲಿಸಲಿಲ್ಲ. "ವರ್ಸೆಲ್ಲ ನಿನ್ ಕೈ ಅದ್ರೊಳಗೆ ಆಡೈತೆ. ಸುದ್ಧ ಮಾಡ್ದೆ ನನ್ ಮಗನ್ನ ಅದ್ರಾಗೆ ಕೂರಿಸ್ಲಾ? ನನ್ ಅಂಗಳದಾಗೆ ನಿಂತು ನನ್ ಮಗಂಗೇ ಕೈ ತೊಳ್ಕಂಡು ಬಾ ಅಂದೋನು ನೀನು. ನಿಮ್ಮಪ್ಪ ಇದ್ದಿದ್ರೆ ನಿನ್ ನಾಲ್ಗೆ ಕಿತ್ತಿರೋನು."

ಮಾದಮ್ಮನ ಮುಖದಲ್ಲಿ ನಾಚಿಕೆ ಇರಲಿಲ್ಲ. ಎಂಜಿನ್ ಸತ್ತದ್ದರ ಬೇಸರವೂ ಇರಲಿಲ್ಲ. ಸಿದ್ಧಾರ್ಥ ಶಿವಕುಮಾರರ ಮುಖ ನೋಡಿದ. ಅವರು ಲೋಟದ ತಳ ನೋಡುತ್ತಿದ್ದರು. ಹಿರಿಯರು, ಏನೋ ಅವರ ನಂಬಿಕೆ ಅಂತ ಸಣ್ಣಗೆ ನಕ್ಕು, ಅವನ ಹೆಗಲು ಹಿಡಿದು ತೆಂಗಿನ ಸಾಲಿನ ಕಡೆ ಕರೆದುಕೊಂಡು ಹೋದರು.

ಸುಳ್ಳು ಹೇಳಲ್ಲ, ಕೇಳಿದಷ್ಟು ಹೊತ್ತು ಕೇಳಿದೆ, ಇಂಥ ಸದ್ದು ನಮ್ಮ ತಂಡದ ಯಾವ ಗಾಡಿಗೂ ಇಲ್ಲ ಅಂದರು. ಸಿದ್ಧಾರ್ಥನ ಎದೆ ಹಗುರವಾಯಿತು, ಅವರು ಮುಂದಿನ ಮಾತು ಆಡುವವರೆಗೆ.

"ಆದರೆ ನೋಡಿ ಸಿದ್ಧಾರ್ಥ, ನನ್ನ ಗಾಡಿಗಳ ಓನರುಗಳೆಲ್ಲ ಇಂಥ ಮನೆಯವರೇ. ದಿನಾ ಅವರ ಜೊತೆ ಏಗಬೇಕು ನಾನು. ನೀವು ಮೊದಲನೇ ದಿನವೇ ಹಿಂಗೆ ಎದುರು ನಿಂತರೆ ಹೆಂಗೆ? ನಾನೇ ಹಾಕಿದ್ದು ಅಂತ ಒಂದು ಮಾತು ಅಂದಿದ್ರೆ ಏನು ಹೋಗ್ತಿತ್ತು?"

"ಹಂಗಂದಿದ್ರೆ ಕೆಲಸ ಕೊಡ್ತಿದ್ರಾ ಸಾರ್?"

ಶಿವಕುಮಾರ್ ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು.

"ಎಂಜಿನ್ನಿಗೆ ಕೊಬ್ಬರಿ ಎಣ್ಣೆ ಹಾಕೋನಿಗೆ ಹೆಂಗ್ರೀ ಕೊಡೋದು," ಅಂದು, ತಮ್ಮ ಮಾತಿಗೆ ತಾವೇ ನಕ್ಕುಬಿಟ್ಟರು.

ವಾಪಸು ಬಂದವರು ಕಾರಿನ ಸುತ್ತ ಒಂದು ಸುತ್ತು ಹಾಕಿ, ಕೆಳಗಿನದೆಲ್ಲ ಹಾಳಾದರೂ ಹೆಡ್ಡಿಗೆ ಏನೂ ಆಗಿರಲಿಕ್ಕಿಲ್ಲ, ಅದನ್ನು ತಮಗೆ ಕೊಡಬಹುದಾ ಅಂತ ಮೋಹನ್‌ಕುಮಾರನನ್ನು ಕೇಳಿದರು. ತಮ್ಮಲ್ಲಿ ಇದೇ ಮಾಡೆಲ್ಲಿನ ಗಾಡಿ ಇದೆ, ಹೊಸ ಹುಡುಗ ಸಿಕ್ಕ ಮೇಲೆ ಅದಕ್ಕೆ ಕೂರಿಸುತ್ತೇವೆ ಅಂದರು. ನೆಂಟರು ಬರಿಗೈಲಿ ಹೋಗುವುದು ತಪ್ಪಿತಲ್ಲ ಅಂತ ಮೋಹನ್‌ಕುಮಾರನಿಗೆ ಸಮಾಧಾನವಾಯಿತು. ಅದಕ್ಕೇನು, ತಗೊಂಡು ಹೋಗಿ ಅಂದ. ಸಿದ್ದ, ಬಿಚ್ಚಿ ಅವರ ಡಿಕ್ಕಿಯಲ್ಲಿಡು ಅಂದ.

ಸಿದ್ಧಾರ್ಥ ಅಂಗಿ ಹಾಕಿಕೊಂಡು ಹೊರಟುಹೋಗಬಹುದಿತ್ತು. ಹೋದರೆ ಮೋಹನ್‌ಕುಮಾರ್ ತಾನೇ ಸ್ಪ್ಯಾನರ್ ಎತ್ತಿಕೊಳ್ಳುತ್ತಾನೆ, ಒಂದು ಕಡೆಯಿಂದ ಬೋಲ್ಟು ಎಳೆದು ಹೆಡ್ಡು ಸೊಟ್ಟ ಮಾಡುತ್ತಾನೆ. ಅದನ್ನು ಯೋಚಿಸಲಿಕ್ಕೂ ಅವನಿಂದ ಆಗಲಿಲ್ಲ. ಅಂಚಿನ ಬೋಲ್ಟುಗಳಿಂದ ಶುರುಮಾಡಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ನಡುವಿಗೆ ಬಂದ. ಹೆಡ್ಡನ್ನು ಎತ್ತಿದಾಗ ಕೆಳಗೆ ಸಿಲಿಂಡರಿನ ಗೋಡೆ ಬೆಕ್ಕು ಪರಚಿದ ಹಾಗೆ ಗೀರು ಗೀರಾಗಿತ್ತು. ಅದರ ಮೇಲೆ ಬಟ್ಟೆ ಎಳೆದ. ಹೆಡ್ಡನ್ನು ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಗೋಣಿಚೀಲದ ಮೇಲಿಟ್ಟ. ಬಿಸಿಲಿಗೆ ಗಾಳಿಯ ದಾರಿಗಳು ನಾಲ್ಕೂ ಹೊಳೆದವು. ಶಿವಕುಮಾರ್ ಬಗ್ಗಿ ನೋಡಿ, ಬಹಳ ಹೊತ್ತು ಬಗ್ಗಿಯೇ ಇದ್ದರು.

ಡಿಕ್ಕಿ ಮುಚ್ಚುವ ಮುಂಚೆ ಅವರು ಕೇಳಿದರು, "ಇದನ್ನ ಎಲ್ಲೀತನಕ ಎಳೀಬಹುದು? ಎಷ್ಟು ಆರ್‌ಪಿಎಂ?"

ಸಿದ್ಧಾರ್ಥನಿಗೆ ಉತ್ತರ ಗೊತ್ತಿತ್ತು. ನಿಮಿಷಕ್ಕೆ ಏಳೂವರೆ ಸಾವಿರ ಸುತ್ತು. ಅವನಿಗೆ ಸಿಕ್ಕಿದ ಸ್ಪ್ರಿಂಗುಗಳು ಅಷ್ಟರವರೆಗೆ ಮಾತ್ರ ಗಾಳಿದಾರಿಯ ಬಾಗಿಲುಗಳಾದ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಎಳೆದು ಮುಚ್ಚುತ್ತಿದ್ದವು. ಅದರ ಮೇಲೆ ಹೋದರೆ ವಾಲ್ವು ಮುಚ್ಚಲು ತಡವಾಗಿ, ಕೆಳಗಿನಿಂದ ಬರುವ ಪಿಸ್ಟನ್ನಿಗೆ ತಲೆ ಕೊಡುತ್ತದೆ. ಹಾಗಾದರೆ ಉಳಿಯುವುದು ಏನೂ ಇಲ್ಲ, ತಿಂಗಳುಗಟ್ಟಲೆ ಉಜ್ಜಿದ ಆ ಹೆಡ್ಡು ಕೂಡ.

"ಒಂಬತ್ತು ಸಾವಿರದವರೆಗೆ ಧೈರ್ಯವಾಗಿ ಎಳೀರಿ ಸಾರ್."

"ಒಂಬತ್ತು?"

"ಸ್ಪ್ರಿಂಗೆಲ್ಲ ನಾನೇ ಆರಿಸಿ ಕೂರಿಸಿದ್ದು. ಏನೂ ಆಗಲ್ಲ."

ಶಿವಕುಮಾರರ ಮುಖ ಅರಳಿತು. ನೀವು ದೊಡ್ಡ ಮನಸ್ಸಿನವರು, ಇಷ್ಟಾದ ಮೇಲೂ ಬಾಯಿಬಿಟ್ಟು ಹೇಳಿದಿರಿ ಅಂದು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕುಲುಕಿದರು. ಅವನು ಕೈ ಕುಲುಕಿಸಿಕೊಂಡ.

ಹಳೇಬೀಡಿನಿಂದ ಬಸ್ಸು ಹೊರಟ ಮೇಲೆ ಆಶಾರಾಣಿಗೆ ಫೋನ್ ಮಾಡಿದ. ಕೆಲಸ ಆಗಲಿಲ್ಲ ಅಂದ. ಎಂಜಿನ್ ಹೋಯಿತು, ಹೆಡ್ಡನ್ನು ಶಿವಕುಮಾರ್ ತಗೊಂಡು ಹೋದರು ಅಂದ. ಯಾಕೆ, ಏನು ಅಂತ ಅವಳು ಕೇಳಿದ್ದಕ್ಕೆಲ್ಲ ಮನೆಗೆ ಬಂದು ಹೇಳ್ತೀನಿ ಅಂದ. ಆಮೇಲೆ, ಅವನಿಗೆ ಅಷ್ಟಾದರೂ ಸಮಾಧಾನ ಸಿಗಲಿ ಅಂತಲೋ ಏನೋ, ಕೇಳಿದಳು:

"ಅವರಾದ್ರೂ ಅದನ್ನ ಚೆನ್ನಾಗಿ ನೋಡ್ಕೋತಾರೇನ್ರೀ?"

"ನೋಡ್ಕೋತಾರೆ," ಅಂದ ಸಿದ್ಧಾರ್ಥ. "ಮೊದಲನೇ ರೇಸಿನತನಕ."

ಬಸ್ಸಿನ ಸದ್ದಿನಲ್ಲೂ ಅವಳಿಗೆ ಅದು ಪೂರ್ತಿ ಕೇಳಿಸಿರಬೇಕು. ಮತ್ತೇನೂ ಕೇಳದೆ, ಊಟಕ್ಕೆ ಕಾಯ್ತಿರ್ತೀವಿ ಅಂತ ಹೇಳಿ ಫೋನ್ ಇಟ್ಟಳು.